ಅತ್ತೆ ಚಾಚಿದ ಕೈ

ಆಪರೇಷನ್ ಕೋಣೆಯ ಬಾಗಿಲಲ್ಲೇ ಡಾಕ್ಟರು, ಆಗಷ್ಟೇ ಬಂದ ರಿಪೋರ್ಟ್ ನೋಡಿ, ಸ್ಟ್ರೆಚರ್ ತಡೆದರು. "ಅಪೆಂಡಿಕ್ಸ್ ಚೆನ್ನಾಗೇ ಐತೆ ಕಣಮ್ಮಾ. ಇದು ಕರುಳಿಗೆ ಬರೋ ಅಪರೂಪದ ಬ್ಯಾಕ್ಟೀರಿಯಾ ಸೋಂಕು, ನೋವು ಮಾತ್ರ ಥೇಟ್ ಹಂಗೇ ಇರ್ತೈತೆ. ಕೊಯ್ಯೋದು ಬ್ಯಾಡ, ಮಾತ್ರೆ ಸಾಕು."

ಸ್ಟ್ರೆಚರ್ ಮೇಲೆ ಮಲಗಿದ್ದ ಸಂಘಮಿತ್ರಾಳಿಗೆ ಹೋದ ಜೀವ ಬಂದಂತಾಯಿತು. ಪಕ್ಕದ ಬೆಂಚಿನತ್ತ ತಿರುಗಿದಳು. ಹಿಂದೆ ಕೊರೊನಾ ಲಸಿಕೆಯ ಸೂಜಿಗೆ ಹೆದರಿ ಜಗಳೂರಿನ ತವರಿಗೆ ಓಡಿಹೋಗಿದ್ದ ಅತ್ತೆ ಅಂತರಘಟ್ಟಮ್ಮ, ಯಾರೂ ಕೇಳದಿದ್ದರೂ ರಕ್ತ ಕೊಡಲೆಂದು ರವಿಕೆಯ ತೋಳು ಮೇಲೇರಿಸಿ, ಕೈ ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿ, ಗಟ್ಟಿಯಾಗಿ ದೇವರನ್ನು ಕರೆಯುತ್ತ ಕೂತಿದ್ದಳು.

ಸಂಘಮಿತ್ರಾ ಮೆಲ್ಲಗೆ ಆ ಕೈ ಹಿಡಿದಳು.

ಅತ್ತೆ ಕಣ್ಣು ತೆರೆಯಲಿಲ್ಲ. "ಬೇಗ ಚುಚ್ಚವ್ವಾ ನರ್ಸಮ್ಮಾ, ಎಷ್ಟು ಬೇಕಾದ್ರೂ ತಗ. ಒಳಗೆ ನನ್ ಸೊಸೆ ಅದಾಳೆ!"

"ಇಲ್ಲೇ ಅದೀನಿ ಅತ್ತೆ," ಎಂದು ಸಂಘಮಿತ್ರಾ, ನೋಯುವ ಹೊಟ್ಟೆಯನ್ನೇ ಹಿಡಿದುಕೊಂಡು ನಕ್ಕಳು.