ಪ್ರತಿಕ್ರಿಯೆಗೆ ಸಿಗಲಿಲ್ಲ

"ಕಟ್! ಅಮ್ಮಾ, ಆ ಚೊರ್ ಅನ್ನೋ ಸದ್ದು ನಿಲ್ಸು. ಸುದ್ದಿಯೊಳಗೆ ಆಮ್ಲೆಟ್ ಬರ್ತಿದೆ!"

ಅಮ್ಮ ಒಲೆ ಆರಿಸಿದಳು. ಊಟದ ಮೇಜಿನ ತುದಿಯಲ್ಲಿ ಮಗಳು ಅಪ್ಪನ ಕೋಟಿನ ತೋಳು ಮಡಚಿಕೊಂಡು ಗಂಭೀರವಾಗಿ ಕೂತಿದ್ದಳು. ಮೇಜಿನ ಮೇಲಕ್ಕೆ ಕೋಟು, ಕೆಳಗೆ ರಾತ್ರಿ ತೊಟ್ಟು ಮಲಗಿದ್ದ ಪೈಜಾಮ. ಎದುರಿಗೆ ಹಿಟ್ಟಿನ ಡಬ್ಬದ ಮೇಲೆ ಸಕ್ಕರೆ ಡಬ್ಬ ಪೇರಿಸಿ ಮೊಬೈಲು ನಿಲ್ಲಿಸಿದ್ದವಳು ಅವಳ ಗೆಳತಿ. ದಪ್ಪ ಕನ್ನಡಕದ ದೆಸೆಯಿಂದ ಇಡೀ ಶಾಲೆಗೆ ಅವಳು 'ಸೋಡಾ'. ಹತ್ತನೇ ತರಗತಿಯ ಈ ಇಬ್ಬರೇ ಸೇರಿ ನಡೆಸುವ 'ಲಾಸ್ಟ್ ಬೆಂಚ್ ವಾರ್ತೆ'ಯನ್ನು ಪ್ರತಿ ಸೋಮವಾರ ಶಾಲೆಯೆಲ್ಲ ನೋಡುತ್ತಿತ್ತು. ಈ ವಾರದ ಮುಖ್ಯ ಸುದ್ದಿ, ಶಾಲೆಯ ಹಿಂದಿನ ರಸ್ತೆಯ ದೀಪಗಳು. ಅವು ಉರಿಯದೆ ತಿಂಗಳುಗಳಾಗಿದ್ದವು. ಸಂಜೆ ಟ್ಯೂಷನ್ ಮುಗಿಸಿದ ಹುಡುಗಿಯರು ಅಲ್ಲಿ ಒಬ್ಬರ ಕೈ ಒಬ್ಬರು ಹಿಡಿದು, ಭಯ ಗೊತ್ತಾಗದಿರಲೆಂದು ಸುಳ್ಳುಸುಳ್ಳೇ ನಗುತ್ತ ನಡೆಯಬೇಕಿತ್ತು.

ಊರಿನ ಬೀದಿದೀಪಗಳ ಹೊಣೆ ಹೊತ್ತ ನಗರಸಭೆಯ ಎಂಜಿನಿಯರ್ ಯಾರೆಂದರೆ, ಸಟ್ಟುಗ ಹಿಡಿದು, ಸದ್ದಾದೀತೆಂದು ಉಸಿರು ಬಿಗಿಹಿಡಿದು ನಿಂತಿದ್ದ ಈ ಅಮ್ಮನೇ.

"ಕೊನೇ ಸಲ ಕೇಳ್ತಿದ್ದೀನಿ," ಎಂದಳು ಮಗಳು. "ಮೇಡಂ, ದೀಪ ಯಾಕೆ ಉರೀತಿಲ್ಲ?"

"ಯಾರೇ ಮೇಡಂ?"

"ಈಗ ನೀನೇ ಮೇಡಂ."

"ಮೀಡಿಯಾ ಜೊತೆ ಮಾತಾಡೋ ಹಾಗಿಲ್ಲ ಕಣೇ. ಸಾಹೇಬ್ರ ಅಪ್ಪಣೆ ಬೇಕು."

"ನಾವು ಮೀಡಿಯಾ ಅಂತೆ!" ಸೋಡಾ ಹಿಗ್ಗಿ ಹೀರೇಕಾಯಿಯಾದಳು.

"ಆ ಮೊಬೈಲ್ ಆರಿಸಿ ಈ ಕಡೆ ಬಾ. ಕಿವೀಲಿ ಹೇಳ್ತೀನಿ."

"ಕಿವೀಲಿ ಹೇಳಿದ್ದನ್ನ ಶಾಲೆಗೆ ಹೇಗಮ್ಮ ತೋರಿಸ್ಲಿ?"

ಕಾರಣ ಅಮ್ಮನಿಗೆ ಬಾಯಿಪಾಠವಾಗಿತ್ತು. ಹೊಸ ದೀಪಗಳು ಬಂದು ಗೋದಾಮಿನಲ್ಲಿ ಕೂತಿದ್ದವು. ಬಿಸಿಲಲ್ಲಿ ಅವಳೇ ನಿಂತು ಕಂಬದಿಂದ ಕಂಬಕ್ಕೆ ವೈರು ಎಳೆಸಿದ್ದಳು. ಆದರೆ ಯಾರೋ ದೊಡ್ಡ ಮನುಷ್ಯರು ಬಂದು ಗುಂಡಿ ಒತ್ತಿದ ಮೇಲೇ ಅವು ಹತ್ತಬೇಕೆಂಬುದು ಸಾಹೇಬರ ಹಟ. ಆ ದೊಡ್ಡವರಿಗೋ ಪುರುಸೊತ್ತಿಲ್ಲ. "ಅಲ್ಲೀತನಕ ಬಾಯಿಗೆ ಬೀಗ ಇರ್ಲಿ. ಇಲ್ಲಾಂದ್ರೆ ನಿಮ್ಮನ್ನ ಕಸದ ವಿಭಾಗಕ್ಕೆ ಹಾಕ್ಬೇಕಾಗತ್ತೆ," ಎಂದು ಸಾಹೇಬರು ನಗುನಗುತ್ತಲೇ ಹೇಳಿದ್ದರು. ನಗುತ್ತ ಹೇಳಿದ್ದನ್ನು ಅವರು ಮಾಡದೆ ಬಿಟ್ಟದ್ದಿಲ್ಲ.

"ಸರಿ, ಬರೆದದ್ದನ್ನೇ ಓದ್ತೀನಿ." ಮಗಳು ಕೋಟು ನೆಟ್ಟಗೆ ಮಾಡಿಕೊಂಡಳು. ಮನೆಯಲ್ಲಿ ಎಂದೂ ಕೇಳದ ದಪ್ಪ ದನಿ ಹೊರಟಿತು. "ಈ ಕುರಿತು ಸಂಬಂಧಪಟ್ಟ ಎಂಜಿನಿಯರ್ ಅವರನ್ನು ಸಂಪರ್ಕಿಸಲು ನಾವು ಪ್ರಯತ್ನಿಸಿದೆವು. ಅವರು ಪ್ರತಿಕ್ರಿಯೆಗೆ ಸಿಗಲಿಲ್ಲ. ಕತ್ತಲೆ ಕಂಡೂ ಕಣ್ಣು ಮುಚ್ಚಿಕೊಂಡವರಿಗೆ ಏನು ಹೇಳೋಣ?"

"ಸೂಪರ್!" ಎಂದಳು ಸೋಡಾ.

"ಸಿಗಲಿಲ್ವಾ?" ಅಮ್ಮನ ಸಟ್ಟುಗ ಮೇಲೆದ್ದಿತು. "ಬೆಳಗ್ಗಿಂದ ನಿಮ್ಮಿಬ್ಬರ ಮೂಗಿನ ತುದೀಲಿ ನಿಂತಿದ್ದೀನಲ್ರೇ! ಕಾಫಿ ಬೇಕಾದಾಗ ಸಿಕ್ಕಿದ್ನಲ್ಲ?"

"ಕಾಫಿಗೆ ಅಮ್ಮ ಸಿಕ್ಕಿದ್ಲು. ಎಂಜಿನಿಯರ್ ಸಿಗ್ಲಿಲ್ಲ," ಎಂದಳು ಮಗಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿಲ್ಲದ್ದಕ್ಕೇ ಅದು ಅಮ್ಮನಿಗೆ ಹೆಚ್ಚು ಚುಚ್ಚಿತು. ಕಾಲುಚೀಲ, ಕತ್ತರಿ, ಗಂಡನ ಕನ್ನಡಕ, ಈ ಮನೆಯಲ್ಲಿ ಕಳೆದುಹೋದದ್ದೆಲ್ಲ ಸಿಗುತ್ತಿದ್ದುದು ಅವಳ ಕೈಗೇ. ಅವಳೇ ಸಿಗದೆ ಹೋದದ್ದು ಇದೇ ಮೊದಲು.

ಅಷ್ಟರಲ್ಲಿ ಸೋಡಾಗೆ ಏನೋ ಹೊಳೆಯಿತು. "ಪ್ರಯತ್ನಿಸಿದೆವು ಅಂತ ಹೇಳ್ಬೇಕಾದ್ರೆ ನಿಜವಾಗ್ಲೂ ಪ್ರಯತ್ನಿಸಿರ್ಬೇಕು ಅಂತ ಟೀಚರ್ ಹೇಳಿದ್ದಾರೆ ಕಣೇ. ಒಂದು ಫೋನಾದ್ರೂ ಮಾಡು. ರಿಂಗಾದ್ರೆ ಸಾಕು, ಶಾಸ್ತ್ರಕ್ಕೆ."

ಇಬ್ಬರೂ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಡುಗೆಕಟ್ಟೆಯ ಮೇಲೆ ಅಮ್ಮನ ಫೋನು ಗುರುಗುಟ್ಟಿತು. ಪರದೆಯ ಮೇಲೆ ಮಗಳ ಹಳೆಯ ಚಿತ್ರ, ಮುಂದಿನ ಹಲ್ಲು ಬಿದ್ದ ನಗು. ಆ ವಯಸ್ಸಿನಲ್ಲಿ ಅವಳು ಕಂಬಕಂಬದ ಕೆಳಗೂ ನಿಂತು, ಹೋಗಿಬರುವವರನ್ನೆಲ್ಲ ತಡೆದು, "ಇದು ನಮ್ಮಮ್ಮ ಹಚ್ಚಿದ್ದು," ಎನ್ನುತ್ತಿದ್ದಳು. ನಾಳೆ ಇಡೀ ಶಾಲೆ ಅವಳ ಬಾಯಿಂದ ಬೇರೆಯದನ್ನೇ ಕೇಳಲಿತ್ತು.

ಫೋನು ಬಡಿದುಕೊಳ್ಳುತ್ತಲೇ ಇತ್ತು. ಕಸದ ವಿಭಾಗದಲ್ಲೂ ಸಂಬಳ ಕೊಡುತ್ತಾರೆ, ಎಂದುಕೊಂಡಳು ಅಮ್ಮ. ಅಲ್ಲಿ ಮೂಗು ಮುಚ್ಚಿಕೊಂಡರಾಯಿತು. ಬಾಯಿ ಮುಚ್ಚಿಕೊಂಡಿರುವುದಕ್ಕಿಂತ ಅದು ಎಷ್ಟೋ ಸಲೀಸು.

ಕೈ ಒರೆಸಿಕೊಂಡು ಫೋನು ಎತ್ತಿದಳು. "ಹಲೋ, ಬೀದಿದೀಪ ವಿಭಾಗ. ಯಾರು ಮಾತಾಡೋದು?"

ಫೋನಿನಲ್ಲೂ ಬಾಗಿಲ ಸಂದಿಯಲ್ಲೂ ಒಟ್ಟಿಗೇ ಮಗಳ ಗೋಳು ಕೇಳಿಸಿತು. "ಅಯ್ಯೋ ಅಮ್ಮಾ, ಯಾಕೆ ಎತ್ತಿದೆ? ನೀನು ಸಿಗಲಿಲ್ಲ ಅಂತ ಆಗ್ಲೇ ರೆಕಾರ್ಡ್ ಆಗ್ಹೋಗಿದೆಯಲ್ಲ! ಎಷ್ಟು ಚೆನ್ನಾಗಿ ಬಂದಿತ್ತು!"

"ಅಳಿಸು," ಎಂದಳು ಎಂಜಿನಿಯರ್. "ಸಿಕ್ಕಿದ್ದೀನಿ."