ಟ್ರಯಲ್ಲಿನ ಎರಡನೇ ಸೀಟು

ಮಡಿವಾಳಪ್ಪ ಮೇಸ್ತ್ರಿ ಕಾರಿನಡಿ ಮಲಗಿದ್ದ. ಕಮಲಾಕರ ಹೆಗಡೆಗೆ ಅವನ ಕಾಲುಗಳಷ್ಟೇ ಕಾಣುತ್ತಿದ್ದವು. ಕಾಣಬೇಕಾಗಿದ್ದದ್ದು ಕೈಗಳು.

"ಬ್ರೇಕ್ ಮತ್ತೆ ಎಂತಕ್ಕೆ ಬಿಚ್ಚಿದ್ರಿ ಮೇಸ್ತ್ರಿ? ನಿನ್ನೆ ಸರಿ ಇತ್ತಲ್ಲ."

"ನಿನ್ನಿ ಸರಿ ಇತ್ರಿ ಹೆಗಡೇರ. ಇವತ್ತ ಇನ್ನೂ ಸರಿ ಆಗ್ತೈತಿ," ಎಂದಿತು ಕೆಳಗಿನ ದನಿ.

ಇಂಥ ಉತ್ತರ ಕೇಳಿ ನೆಮ್ಮದಿಯಿಂದ ಮನೆಗೆ ಹೋಗುವುದು ಯಾರಿಗೂ ಕಷ್ಟ. ಕಮಲಾಕರನಿಗಂತೂ ಆಗದ ಮಾತು.

ಕಾರು 1948ರ ಎಂ.ಜಿ., ಎರಡೇ ಸೀಟಿನದು. ಮದ್ರಾಸಿನ ಹತ್ತಿರದ ಷೋಳವರಂ ರೇಸಿಗೆಂದು ಅವನು ಅದನ್ನು ಬೆಳಗಾವಿಯಿಂದ ತಂದಿದ್ದ. ಹೋದ ವರ್ಷ, 1960ರಲ್ಲಿ, ಟ್ರಯಲ್ಲಿಗೆ ಹೊರಟಾಗ ಪಕ್ಕದಲ್ಲಿ ಕೂತವನು ಮೇಸ್ತ್ರಿಯ ಒಬ್ಬನೇ ಮಗ ವೀರಪ್ಪ. ಸಿರಸಿಯ ಈ ಗ್ಯಾರೇಜಿನ ಕಟ್ಟಳೆ ಅದು: ಗಾಡಿ ಬಿಚ್ಚಿ ಕಟ್ಟಿದವನೇ ಮೊದಲ ಓಟಕ್ಕೆ ಪಕ್ಕದಲ್ಲಿ ಕೂರಬೇಕು. ಮಂಚಿಕೇರಿ ರಸ್ತೆಯ ಏಳನೇ ಮೈಲಿಯಲ್ಲಿ ಹಳ್ಳದ ತಿರುವು. "ನಿಧಾನ" ಎಂದು ವೀರಪ್ಪ ಎರಡು ಸಲ ಹೇಳಿದ್ದ. ಕಮಲಾಕರ ಕೇಳಲಿಲ್ಲ, ಕಾರು ಹಳ್ಳಕ್ಕೆ ಉರುಳಿತು. ಹೆಗಲ ಮೂಳೆ ಮುರಿದುಕೊಂಡು ಅವನು ಬದುಕಿದ, ವೀರಪ್ಪ ಸತ್ತ. ಇದನ್ನೆಲ್ಲ ಹೆಣದ ಮುಂದೆ ಅಳುತ್ತ ಒಪ್ಪಿಕೊಂಡವನು ಕಮಲಾಕರನೇ. ಸತ್ತವನ ತಂದೆ ತಾಯಿ ಇಬ್ಬರೂ ಕೇಳಿಸಿಕೊಂಡಿದ್ದರು.

ಮಣ್ಣು ಕೊಟ್ಟು ಬಂದ ದಿನ ಮೇಸ್ತ್ರಿ ಹತ್ತು ಜನರೆದುರು ಶಪಥ ಮಾಡಿದ, ಆ ಕಾರಿನಲ್ಲಿ ಜನ್ಮದಲ್ಲಿ ಕೂರುವುದಿಲ್ಲವೆಂದು. ಹತ್ತು ತಿಂಗಳಾದ ಮೇಲೆ ತಾನೇ ಕಮಲಾಕರನ ಮಂಚಿಕೇರಿ ಮನೆಗೆ ನಡೆದು ಬಂದು ಅದೇ ನುಜ್ಜುಗುಜ್ಜಾದ ಕಾರು ಕೇಳಿದ.

"ಮಗ ಅರ್ಧಾ ಮಾಡಿ ಬಿಟ್ಟ ಕೆಲಸ ಐತ್ರಿ. ನಾನ ಮುಗಸ್ತೀನಿ. ನೀವು ಓಡಸ್ರಿ."

ಕಮಲಾಕರನ ಕಣ್ಣು ತುಂಬಿತ್ತು. ಅವನ ಭಾವ ಅನಂತಮೂರ್ತಿಗೆ ಮಾತ್ರ ಮೈ ಜುಮ್ಮೆಂದಿತು. "ಅದ್ರಲ್ಲಿ ಕೂರಡ ಮಾರಾಯ. ಮಗನ್ನ ಕಳ್ಕಂಡಂವ ಅದೇ ಕಾರು ಕಟ್ತೆ ಹೇಳಿ ಮನೆ ಬಾಗ್ಲಿಗೆ ಬತ್ನ?"

ಆ ಮಾತು ಮನಸ್ಸಿಗೆ ಹೊಕ್ಕಿದ್ದು ಹೊರಗೆ ಬರಲಿಲ್ಲ. ಕಮಲಾಕರ ದಿನಾ ಬಂದು ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡು ಕೂತ. ಮೇಸ್ತ್ರಿಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

ಕೆಲಸವೇನೋ ಚೆಂದವೇ ನಡೆದಿತ್ತು. ಭಾರ ಇಳಿಯಲೆಂದು ಮಡ್‌ಗಾರ್ಡು ಕಳಚಿದ. ಮುಂದಿನ ಚಕ್ರಗಳ ಹಿಂದಿನ ಸರಳುಗಳೆಲ್ಲ ಬಯಲಾದವು. ರಬ್ಬರ್ ನಳಿಗೆಯ ಒಂದು ತುದಿ ಕಿವಿಗಿಟ್ಟುಕೊಂಡು ಎರಡೂ ಕಾರ್ಬೊರೇಟರುಗಳ ಉಸಿರು ಸಮ ಮಾಡಿದ. ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದು ಅವನ ಚಾಳಿ. ಮೊದಲು ಮಗನಿಗೆ ಹೇಳುತ್ತಿದ್ದ. ಈಗ ಪಾನಾ, ಇಕ್ಕಳ ಎತ್ತಿಕೊಡಲು ಹೆಂಡತಿ ಮುರಿಗೆವ್ವ ಕೂರುತ್ತಿದ್ದಳು. ಅವಳಿಗೇ ಹೇಳುತ್ತಿದ್ದ.

"ಇದು ಸ್ಟೇರಿಂಗ್ ಸರಳು. ನಟ್ಟ ಬಿಗದು ಈ ಪಿನ್ ಚುಚ್ಚಬೇಕು. ಪಿನ್ ಇಲ್ಲಂದ್ರ ಇಂಥಾ ರಸ್ತ್ಯಾಗ ಐದಾರು ಮೈಲಿಗೆ ನಟ್ಟ ತಾನ ಕಳಚಿ ಬೀಳ್ತೈತಿ."

ಮುರಿಗೆವ್ವ ಹೂಂಗುಟ್ಟುತ್ತಿದ್ದಳು. ಮಗ ಹೋದಮೇಲೆ ಅವಳ ಬಾಯಿಂದ ಮಾತು ಹೊರಟಿದ್ದೇ ಕಡಿಮೆ. ಪಾಪ, ದುಃಖ ಮರೆಯಲು ಕೂರುತ್ತಾಳೆ ಎಂದುಕೊಂಡ ಕಮಲಾಕರ. ಒಂದು ದಿನ ಮಾತ್ರ ಅವಳು ಗಂಡನನ್ನು ಕೇಳಿದ್ದು ಅವನ ಕಿವಿಗೂ ಬಿತ್ತು.

"ಟ್ರಯಲ್ಲಿಗೆ ನೀವು ಕೂಡಂಗಿಲ್ಲ, ಹೌದಲ್ಲ?"

"ಇಲ್ಲ. ಶಪಥ ಐತಿ."

"ಖರೇನ?"

"ಖರೇನ."

ಕಮಲಾಕರ ಸ್ಟೂಲನ್ನು ತುಸು ಹಿಂದಕ್ಕೆ ಎಳೆದುಕೊಂಡ. ಗಂಡನ ಮನಸ್ಸಿನಲ್ಲಿರುವುದು ಇವಳಿಗೂ ಗೊತ್ತು. ಇಲ್ಲದಿದ್ದರೆ ಎರಡೆರಡು ಸಲ ಯಾಕೆ ಕೇಳುತ್ತಾಳೆ? ಕಾರು ಬೇಡವೆಂದು ಎದ್ದು ಹೋಗಬಹುದಿತ್ತು. ಆದರೆ ಮೇಸ್ತ್ರಿ ನಿರಪರಾಧಿಯಾಗಿದ್ದರೆ? ಮಗನನ್ನು ಕೊಂದದ್ದಲ್ಲದೆ ತಂದೆಯನ್ನು ಕೊಲೆಗಾರನೆಂದೂ ಕರೆದಂತಾಗುತ್ತದೆ. ಅವನು ಒಂದು ಉಪಾಯ ಹುಡುಕಿದ, ಯಾರಿಗೂ ಹೇಳಲಿಲ್ಲ.

ಟ್ರಯಲ್ಲಿನ ದಿನ ಬೆಳಿಗ್ಗೆ ಮೇಸ್ತ್ರಿ ಕೊನೆಯ ಸಲ ಒಂದೊಂದು ನಟ್ಟೂ ಮುಟ್ಟಿ ನೋಡಿ, ಸ್ನಾನ ಮಾಡಿ ಲಿಂಗಪೂಜೆಗೆ ಕೂತ. ಕಮಲಾಕರ ಪಡಸಾಲೆಯ ಕಂಬಕ್ಕೊರಗಿ ಅವನನ್ನೇ ನೋಡುತ್ತ ನಿಂತ. ಪೂಜೆ ಮುಗಿಯುವವರೆಗೆ ರೆಪ್ಪೆ ಹೊಡೆದಿದ್ದರೆ ಕೇಳಿ. ಅತ್ತ ಅಂಗಳದಲ್ಲಿ ಮುರಿಗೆವ್ವ ಕಾರಿಗೆ ವಿಭೂತಿ ಕುಂಕುಮ ಹಚ್ಚಿ, ಚಕ್ರಗಳಡಿ ನಿಂಬೆಹಣ್ಣು ಇಡಲು ಬಗ್ಗಿದ್ದಳು. ಮುಂದಿನ ಚಕ್ರಗಳ ಹತ್ತಿರ ಏಳುವುದು ತುಸು ತಡವಾಯಿತು, ವಯಸ್ಸಾದ ಸೊಂಟ. ಕೈಗೆ ಹತ್ತಿದ ಗ್ರೀಸನ್ನು ಸೆರಗಿಗೆ ಒರೆಸಿಕೊಂಡಳು. ಕಾಯಿ ಒಡೆದದ್ದೇ ತಡ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಮಲಾಕರ ಎಂಜಿನ್ ಶುರು ಮಾಡಿದ. ಅಂಗಳವೆಲ್ಲ ಗುಡುಗಿತು. ಆಗ ಪಕ್ಕದ ಸೀಟು ತಟ್ಟಿ ತೋರಿಸಿದ.

"ಕಟ್ಟಳೆ ಬಿಡೂದು ಬೇಡ ಮೇಸ್ತ್ರಿ. ನೀವು ಕೂತ್ರೆ ಮಾತ್ರ ಹೊರಡೋದು."

ಮೇಸ್ತ್ರಿ ಅವನ ಮುಖವನ್ನೇ ನೋಡಿದ.

"ನಂಬಿಕಿ ಇಲ್ಲೇನ್ರಿ ನಿಮಗ?"

ಕಮಲಾಕರ ಮತ್ತೊಮ್ಮೆ ಸೀಟು ತಟ್ಟಿದ. ಮೇಸ್ತ್ರಿ ಟೋಪಿ ಸರಿಮಾಡಿಕೊಂಡು ಬಂದು ಮಗ ಕೂತಿದ್ದ ಸೀಟಿನಲ್ಲಿ ಕೂತ.

ಎದೆಯ ಮೇಲಿನ ಚಪ್ಪಡಿ ಜಾರಿ ಬಿದ್ದಂತಾಯಿತು ಕಮಲಾಕರನಿಗೆ. ಇಂಥವನನ್ನು ಅನುಮಾನಿಸಿದೆನಲ್ಲ ಎಂದು ನಾಚಿಕೆಯಾಯಿತು. ಕ್ಲಚ್ಚು ಬಿಟ್ಟ. ನಿಂಬೆಹಣ್ಣುಗಳು ನುರಿದವು, ಕಾರು ಮಂಚಿಕೇರಿ ರಸ್ತೆಗೆ ನುಗ್ಗಿತು.

ಹಿಂದೆ ಬಾಗಿಲು ದಡಾರನೆ ತೆರೆಯಿತು. ಮುರಿಗೆವ್ವ ಎರಡೂ ಕೈ ಎತ್ತಿ ಓಡಿ ಬರುತ್ತಿದ್ದುದು ಕನ್ನಡಿಯಲ್ಲಿ ಕಂಡಿತು. ಬಾಯಿ ತೆರೆದಿತ್ತು, ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಲಿಲ್ಲ.

"ನಿಲ್ಲಿಸ್ಲಾ?"

ಮೇಸ್ತ್ರಿ ತಿರುಗಿ ನೋಡಿ ಸಣ್ಣಗೆ ನಕ್ಕ. "ಶಪಥಾ ಮುರದೆ ಅಂತ ಸಿಟ್ಟಾಗ್ಯಾಳ. ಬಂದ ಮ್ಯಾಲೆ ಸಮಾಧಾನ ಮಾಡ್ತೀನಿ. ನೀವು ನಡೀರಿ."

ಧೂಳು ಇಳಿಯುವಷ್ಟರಲ್ಲಿ ಸದ್ದೂ ದೂರವಾಗಿತ್ತು. ರಸ್ತೆಯ ನಡುವೆ ಕುಸಿದು ಕೂತ ಮುರಿಗೆವ್ವ ಸೆರಗಿನ ಗಂಟು ಬಿಚ್ಚಿದಳು. ಅಂಗೈ ಮೇಲೆ ಸ್ಟೇರಿಂಗ್ ಸರಳಿನ ಎರಡು ಪಿನ್ನುಗಳು ಬಿದ್ದವು.