ತಡೆಯಬಾರದು

ದ್ರೌಪದಿ ಉಡಿಯಿಂದ ಪುಡಿಯ ಪೊಟ್ಟಣಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಕೇತಕಿ ಎಣಿಸಿದಳು. ಹತ್ತೊಂಬತ್ತು. ಒಂದನ್ನೂ ಒಡೆದಿರಲಿಲ್ಲ. ನಲವತ್ತೆರಡು ದಿನದ ಔಷಧ ಇಪ್ಪತ್ತಮೂರಕ್ಕೇ ನಿಂತುಹೋಗಿತ್ತು.

ಕೇತಕಿಗೆ ಮೊದಲು ಬಂದದ್ದು ಸಿಟ್ಟು. ಸಿನ್‌ಬಯೋಟಿಕ್ ಎಂಬ ಹೆಸರೇ ೧೯೯೭ರಲ್ಲಿ ಹೊಸದು. ಹಳೆಯ ಮಲಬದ್ಧತೆಗೆ ಆ ಪುಡಿ ಎಷ್ಟು ಗುಣ ಕೊಡುತ್ತದೆಂದು ಸೊಲ್ಲಾಪುರದ ಡಾಕ್ಟರೊಬ್ಬರು ಪರೀಕ್ಷಿಸುತ್ತಿದ್ದರು. ಅಕ್ಕಲಕೋಟದ ಈ ಬಾಡಿಗೆ ಕೋಣೆಯಲ್ಲಿ ಕೂತು ರೋಗಿಗಳ ಕಾರ್ಡು ನೋಡಿಕೊಳ್ಳುವುದು ಅವಳ ಕೆಲಸ. ಮೂವತ್ತು ಜನರಲ್ಲಿ ದ್ರೌಪದಿಯಷ್ಟು ಗುಣ ಕಂಡವರು ಇನ್ನೊಬ್ಬರಿರಲಿಲ್ಲ. ಹದಿನೈದು ವರ್ಷ ಐದು ದಿನಕ್ಕೊಮ್ಮೆ ರಕ್ತ ಸುರಿಸಿ ಏಳುತ್ತಿದ್ದವಳು, ಮೂರನೇ ವಾರದ ತಪಾಸಣೆಗೆ ತನ್ನೂರು ಹನ್ನೂರಿನಿಂದ ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬಂದಿದ್ದಳು. ಪುಡಿಯೊಳಗೆ ಜೀವಾಣುಗಳಿವೆ, ಅವುಗಳ ಆಹಾರವೂ ಅದರಲ್ಲೇ ಇದೆ ಎಂದಾಗ, "ಅಂದ್ರ ಹಾಲೂ ಹೆಪ್ಪೂ ಕೂಡೇ ಕೊಟ್ಟೀರಿ ಅನ್ರಿ" ಎಂದು ನಕ್ಕಿದ್ದಳು.

"ಯಾಕ ಬಿಟ್ರಿ, ದ್ರೌಪದಿಬಾಯಿ? ಹೊಟ್ಟಿ ಕೆಟ್ತೇನು?"

"ಇಲ್ರಿ ಅಕ್ಕಾರ. ಪುಡಿ ಭಾಳ ಚಲೋ ಐತ್ರಿ."

ಕೇತಕಿ ಕಾರ್ಡು ನೋಡಿದಳು. ಇಪ್ಪತ್ತಮೂರನೇ ದಿನದ ಸಾಲಿನಲ್ಲೂ ಗುರುತುಗಳಿದ್ದವು: ಒಂದು ಸಲ, ಮೆತ್ತಗೆ, ತ್ರಾಸಿಲ್ಲ. ಆಮೇಲೆ ಖಾಲಿ. ಅವತ್ತು ಏನಾಯಿತೆಂದು ಕೇಳಿದಳು.

ದ್ರೌಪದಿ ಯಾರದೋ ಸುದ್ದಿಯಂತೆ ಹೇಳತೊಡಗಿದಳು. ಊರಾಚೆಯ ಅವಳ ಓಣಿಯಲ್ಲಿ ಸಂಡಾಸವಿಲ್ಲ. ಹೆಂಗಸರು ಬೆಳಕು ಹರಿಯುವ ಮುಂಚೆ ಬಯಲಿಗೆ ಹೋಗಿ ಬರಬೇಕು. ತಪ್ಪಿದರೆ ಮರುದಿನದವರೆಗೆ ತಡೆಯಬೇಕು. ಪುಡಿಗೆ ಈ ವೇಳೆ ಗೊತ್ತಿರಲಿಲ್ಲ. ಅದು ಮಧ್ಯಾಹ್ನದ ಹೊತ್ತಿಗೆ ಒತ್ತರಿಸುತ್ತಿತ್ತು. ಮೂರು ವಾರ ಆಳೆತ್ತರದ ಜೋಳ ನಿಂತಿತ್ತು, ಮರೆಯಿತ್ತು. ಆಮೇಲೆ ಜೋಳ ಕಿತ್ತರು. ಕಣ್ಣು ಹಾಯುವಷ್ಟು ದೂರ ಬರೀ ಕರಿಮಣ್ಣು. ಕೂಲಿಗೆ ಹೋಗಿದ್ದ ಮಲಕಾಜಪ್ಪನ ಹೊಲದಲ್ಲಿ, ಕಿತ್ತ ಜೋಳದ ಸಿವುಡು ಒಟ್ಟಿದ್ದರ ಹಿಂದೆ ಅವಳು ಕೂತಿದ್ದಳು. ಮಲಕಾಜಪ್ಪ ಅಲ್ಲಿಗೇ ಬಂದ.

"ಅವತ್ತ ಮುಂಜಾನಿ ಕಣ ಸಾರಿಸಿ ಪೂಜಿ ಮಾಡಿದ್ರಿ. ಅದರ ಬಾಜೂಕ ನಮ್ಮಂಥಾಕಿ ಹೊಲಸ ಮಾಡಿದ್ಳು ಅಂದ್ರ ಹೆಂಗ? ಅವರೇನ್ ಹೊಡೀಲಿಲ್ರಿ. ಅದನ್ನ ಉಡ್ಯಾಗ ತುಂಬ್ಕೊಂಡು ನಡಿ ಅಂದ್ರು." ಅವಳು ಸೀರೆಯ ಮಡಿಕೆಯನ್ನು ಕೈಯಿಂದ ಸರಿಪಡಿಸಿಕೊಂಡಳು. "ಎಲ್ಲಾರೂ ಕೆಲಸ ಬಿಟ್ಟು ನಿಂತಿದ್ರು. ನನ್ನ ಸೊಸಿನೂ ಇದ್ಳು. ಊರತನಕ ನಡದ್ನಿ."

ಹೊರಗೆ ಸೊಲ್ಲಾಪುರದ ಬಸ್ಸು ಹಾರ್ನ್ ಹಾಕುತ್ತಿತ್ತು.

"ಅವತ್ತೊಂದಿನ ತಡಕೋಬೇಕಾಗಿತ್ತು," ಎಂದಳು ಕೇತಕಿ. ಎಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

"ನೀವಽ ಹೇಳಿದ್ರಲ್ಲಾ ಅಕ್ಕಾರ, ಬಂದಾಗ ತಡೀಬಾರ್ದು ಅಂತ."

ಹೌದು. ಮೊದಲ ದಿನ ಕೇತಕಿಯೇ ಮೂರು ಸಲ ಹೇಳಿ, ಅದನ್ನು ಅವಳ ಬಾಯಿಂದಲೂ ಹೇಳಿಸಿದ್ದಳು. ದ್ರೌಪದಿಯ ದನಿಯಲ್ಲಿ ಆಕ್ಷೇಪವಿರಲಿಲ್ಲ. ಕಲಿತ ಪಾಠ ಒಪ್ಪಿಸಿದಂತಿತ್ತು.

ಕಾರ್ಡಿನ ಕೊನೆಯ ಸಾಲಿನಲ್ಲಿ ಔಷಧ ನಿಲ್ಲಿಸಿದ ಕಾರಣ ಬರೆಯಬೇಕಿತ್ತು. ಗುಣವಿಲ್ಲ, ಅಡ್ಡಪರಿಣಾಮ, ಇತರೆ. ಕೇತಕಿ ಪೆನ್ನು ಹಿಡಿದು ಮೂರನ್ನೂ ಓದಿದಳು. ರಕ್ತ ಮತ್ತೆ ಬೀಳುತ್ತಿದೆಯೇ ಎಂದು ತಲೆ ಎತ್ತದೆ ಕೇಳಿದಳು.

"ಬೀಳಾಕತ್ತೈತ್ರಿ. ನೀರ ಕುಡಿಯೂದು ಬಿಟ್ಟೀನಿ, ಆದ್ರೂ ಐದ ದಿನಕ್ಕಿಂತ ಮುಂದ ಹೋಗವಲ್ದು." ದ್ರೌಪದಿ ಕುರ್ಚಿಯನ್ನು ತುಸು ಹತ್ತಿರ ಎಳೆದುಕೊಂಡಳು. "ಅಕ್ಕಾರ, ನೀವು ಕಲತಾವ್ರು. ಮುಂದಿನ ಜೋಳ ಏಳೂತನಕ ಹೊಟ್ಟಿ ಕಟ್ಟಿ ಹಾಕೂ ಪುಡಿ ಯಾವದರೆ ಐತೇನ್ರಿ?"